ಇಪ್ಪತ್ತೈದರ ಗೆರೆ

‘ಸೊಕ್ಕಿದ್ದವನಿಗೆ ಯಾಣ, ರೊಕ್ಕಿದ್ದವನಿಗೆ ಗೋಕರ್ಣ’ ಎಂಬುದು ಉತ್ತರ ಕನ್ನಡ ಜಿಲ್ಲೆಯ ಹಳೆಯ ಗಾದೆ. ಕುಮಟಾ ತಾಲ್ಲೂಕಿನ ದಟ್ಟವಾದ ಕಾಡಿನ ನಡುವೆ ಯಾಣದ ಕಪ್ಪು ಶಿಲೆಗಳು ಆಕಾಶಕ್ಕೆ ಮುಖವೆತ್ತಿ ನಿಂತಿವೆ. ಅವುಗಳಲ್ಲಿ ಭೈರವೇಶ್ವರ ಶಿಖರದ ಎತ್ತರ ಸುಮಾರು 120 ಮೀಟರು. ಮೋಹಿನಿ ಶಿಖರದ್ದು ಸುಮಾರು 90 ಮೀಟರು. ಹಿಂದಿನ ಕಾಲದಲ್ಲಿ ಅಲ್ಲಿಗೆ ಹೋಗಬೇಕಾದರೆ ಬೆಟ್ಟ ಹತ್ತಿ, ಹಳ್ಳ ದಾಟಿ, ಕಾಡಿನ ಹಾದಿಯಲ್ಲಿ ಬಹುದೂರ ನಡೆಯಬೇಕಾಗಿತ್ತು. ಕಾಲಿನಲ್ಲಿ ಕಸುವಿದ್ದವನಿಗೆ ಮಾತ್ರ ಅದು ಸಾಧ್ಯವಾಗುತ್ತಿತ್ತು. ಗಾದೆಯಲ್ಲಿ ಬರುವ ‘ಸೊಕ್ಕು’ ಎಂಬ ಮಾತಿಗೆ ಮೈಯ ಕಸುವು ಎಂಬ ಅರ್ಥವೂ ಉಂಟು. ಕಸುವು ತಲೆಗೇರಿದಾಗ ಹುಟ್ಟುವ ಮದ ಎಂಬ ಅರ್ಥವೂ ಉಂಟು.

ಇಂದು ಯಾಣದ ಸಮೀಪದವರೆಗೆ ರಸ್ತೆಯಾಗಿದೆ. ಕೊನೆಯ ಸ್ವಲ್ಪ ದೂರವನ್ನು ಮಾತ್ರ ನಡೆದರೆ ಸಾಕು. ಕಾಲು ಮಾಡಬೇಕಾಗಿದ್ದ ಕೆಲಸವನ್ನು ಈಗ ಮೋಟಾರು ಮಾಡುತ್ತದೆ. ದೊಡ್ಡ ವಾಹನಗಳು ಹಾಗಿರಲಿ, ಸಾಮಾನ್ಯ ಸೈಕಲ್ಲಿಗೂ ಮೋಟಾರನ್ನು ಜೋಡಿಸುವ ಕಾಲ ಬಂದಿದೆ. ಹಾಗಾದರೆ ಒಂದು ಸೈಕಲ್ಲಿನಲ್ಲಿ ಎಷ್ಟು ಕಸುವನ್ನು ತುಂಬಬಹುದು? ಎಷ್ಟನ್ನು ಮೀರಿದರೆ ಅದು ಸೈಕಲ್ಲಾಗಿ ಉಳಿಯುವುದಿಲ್ಲ? ಮೀರಿದವನನ್ನು ತಡೆಯುವ ಅಧಿಕಾರ ಯಾರಿಗಿದೆ? ಈ ಪ್ರಶ್ನೆಗಳಿಗೆ ನಮ್ಮ ದೇಶದ ಕಾನೂನು ಸ್ಪಷ್ಟವಾದ ಉತ್ತರವನ್ನು ಕೊಟ್ಟಿದೆ. ಆ ಉತ್ತರವನ್ನೂ ಅದರ ಹಿಂದಿರುವ ಕಾರಣವನ್ನೂ ತಿಳಿಯುವುದು ಈ ಪಾಠದ ಉದ್ದೇಶ.

ಸೈಕಲ್ಲಿಗೆ ಎಂಜಿನನ್ನು ಕೂಡಿಸಬೇಕೆಂಬ ಆಲೋಚನೆ ಹೊಸದಲ್ಲ. ಮೋಟಾರು ಮತ್ತು ಪೆಡಲ್ ಎಂಬ ಎರಡು ಮಾತುಗಳ ಕೂಡಿಕೆಯಿಂದಲೇ ‘ಮೊಪೆಡ್’ ಎಂಬ ಹೆಸರು ಹುಟ್ಟಿತು. ನಮ್ಮ ದೇಶದಲ್ಲಿ 1972ರಲ್ಲಿ ಪುಣೆಯಿಂದ ‘ಲೂನಾ’ ಎಂಬ ಮೊಪೆಡ್ ಹೊರಬಂದಿತು. 1980ರಲ್ಲಿ ಕರ್ನಾಟಕದ ಗಡಿಯ ಆಚೆಗಿರುವ ಹೊಸೂರಿನಿಂದ ‘ಟಿವಿಎಸ್ 50’ ಬಂದಿತು. ಇಬ್ಬರು ಕುಳಿತು ಹೋಗಬಹುದಾದ ಭಾರತದ ಮೊದಲ ಮೊಪೆಡ್ ಅದು. ಹೆಸರಿನಲ್ಲಿರುವ 50 ಎಂಬ ಸಂಖ್ಯೆ ಎಂಜಿನ್ನಿನ ಗಾತ್ರವನ್ನು, ಎಂದರೆ 50 ಘನ ಸೆಂಟಿಮೀಟರನ್ನು ಸೂಚಿಸುತ್ತದೆ. ಕರಾವಳಿಯಲ್ಲಿ ಮೀನಿನ ಬುಟ್ಟಿಯನ್ನೂ, ಹಳ್ಳಿಗಳಲ್ಲಿ ಹಾಲಿನ ಕ್ಯಾನನ್ನೂ ಎಳನೀರಿನ ಗೊನೆಯನ್ನೂ ಹೊತ್ತ ಮೊಪೆಡ್ಡುಗಳು ಬಡವರ ಜೀವನಕ್ಕೆ ಆಧಾರವಾದವು. ಈಗ ಬ್ಯಾಟರಿಯಿಂದ ನಡೆಯುವ ಸೈಕಲ್ಲುಗಳೂ ಸ್ಕೂಟರುಗಳೂ ಅದೇ ಹಾದಿಯಲ್ಲಿ ಬಂದಿವೆ.

ವಾಹನಗಳ ಜೊತೆಯಲ್ಲಿಯೇ ಕಾನೂನೂ ಬೆಳೆಯಿತು. 1914ರಲ್ಲಿ ಬ್ರಿಟಿಷ್ ಆಡಳಿತವು ಭಾರತೀಯ ಮೋಟಾರು ವಾಹನಗಳ ಕಾಯಿದೆಯನ್ನು ಮಾಡಿತು. ಆಗ ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1939ರಲ್ಲಿ ಅದರ ಸ್ಥಾನದಲ್ಲಿ ಮತ್ತೊಂದು ಕಾಯಿದೆ ಬಂದಿತು. ಈಗ ಜಾರಿಯಲ್ಲಿರುವುದು 1988ರ ಮೋಟಾರು ವಾಹನಗಳ ಕಾಯಿದೆ. ಇದು 1989ರ ಜುಲೈ 1ರಿಂದ ಜಾರಿಗೆ ಬಂದಿತು. ಯಂತ್ರಶಕ್ತಿಯಿಂದ ನಡೆಯುವ, ರಸ್ತೆಯಲ್ಲಿ ಬಳಸಲು ತಕ್ಕುದಾದ ಪ್ರತಿಯೊಂದು ವಾಹನವೂ ಈ ಕಾಯಿದೆಯ ಪ್ರಕಾರ ಮೋಟಾರು ವಾಹನವೇ. ಆದರೆ ನಾಲ್ಕಕ್ಕಿಂತ ಕಡಿಮೆ ಚಕ್ರಗಳಿದ್ದು, ಎಂಜಿನ್ನಿನ ಗಾತ್ರ 25 ಘನ ಸೆಂಟಿಮೀಟರನ್ನು ಮೀರದಿದ್ದರೆ ಅದನ್ನು ಮೋಟಾರು ವಾಹನವೆಂದು ಎಣಿಸುವುದಿಲ್ಲ. ಆದುದರಿಂದ ಹಳೆಯ ಸೈಕಲ್ಲಿಗೆ ದೊಡ್ಡದೊಂದು ಪೆಟ್ರೋಲ್ ಎಂಜಿನನ್ನು ಬಿಗಿದು ‘ಇದು ಸೈಕಲ್ಲೇ ಅಲ್ಲವೆ?’ ಎಂದು ವಾದಿಸಿದರೆ ಆ ವಾದ ನಿಲ್ಲುವುದಿಲ್ಲ. ಚೌಕಟ್ಟು ಸೈಕಲ್ಲಿನದಾದರೂ ಕಾನೂನಿನ ಕಣ್ಣಿಗೆ ಅದು ಮೋಟಾರು ವಾಹನ.

ಬ್ಯಾಟರಿಯಿಂದ ನಡೆಯುವ ವಾಹನಕ್ಕೆ ಘನ ಸೆಂಟಿಮೀಟರಿನ ಲೆಕ್ಕ ಹೊಂದುವುದಿಲ್ಲ. ಅದಕ್ಕಾಗಿ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಬೇರೆ ಅಳತೆಗಳನ್ನು ಸೇರಿಸಲಾಗಿದೆ. ಮೋಟಾರು ಸತತವಾಗಿ ಮೂವತ್ತು ನಿಮಿಷ ನೀಡಬಲ್ಲ ಶಕ್ತಿ 250 ವಾಟಿಗಿಂತ ಕಡಿಮೆಯಿರಬೇಕು. ಗರಿಷ್ಠ ವೇಗ ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆಯಿರಬೇಕು. ಬ್ಯಾಟರಿಯನ್ನು ಬಿಟ್ಟು ವಾಹನದ ತೂಕ 60 ಕಿಲೋಗ್ರಾಂ ಮೀರಬಾರದು. ತಕ್ಕ ಬ್ರೇಕುಗಳಿರಬೇಕು, ಬೆಳಕು ಬಿದ್ದಾಗ ಹೊಳೆಯುವ ಪ್ರತಿಫಲಕಗಳು ಮುಂದೆ ಬಿಳಿಯ ಬಣ್ಣದಲ್ಲಿಯೂ ಹಿಂದೆ ಕೆಂಪು ಬಣ್ಣದಲ್ಲಿಯೂ ಇರಬೇಕು. ಪೆಡಲ್ ತುಳಿಯುವಾಗ ನೆರವಾಗುವ ಮೋಟಾರಿನ ಸೈಕಲ್ಲಾದರೆ, ವೇಗ ಏರಿದಂತೆ ಮೋಟಾರಿನ ನೆರವು ಕ್ರಮವಾಗಿ ತಗ್ಗಿ, 25 ಕಿಲೋಮೀಟರು ಮುಟ್ಟಿದಾಗ ಪೂರ್ಣವಾಗಿ ನಿಲ್ಲಬೇಕು. ಸವಾರ ತುಳಿಯುವುದನ್ನು ಬಿಟ್ಟರೂ ನಿಲ್ಲಬೇಕು. ಇವೆಲ್ಲವನ್ನೂ ತಯಾರಕನು ಬಾಯಲ್ಲಿ ಹೇಳಿದರೆ ಸಾಲದು. ಪುಣೆಯ ಭಾರತೀಯ ಆಟೊಮೋಟಿವ್ ಸಂಶೋಧನಾ ಸಂಘದಂತಹ, ನಿಯಮಗಳಲ್ಲಿ ಹೆಸರಿಸಿದ ಸಂಸ್ಥೆಯೊಂದು ವಾಹನದ ಮಾದರಿಯನ್ನು ಪರೀಕ್ಷಿಸಿ ಒಪ್ಪಿಗೆ ಕೊಟ್ಟಿರಬೇಕು.

ಈ ಪರೀಕ್ಷೆಯಲ್ಲಿ ತೇರ್ಗಡೆಯಾದ ವಾಹನಕ್ಕೆ ನೋಂದಣಿ ಬೇಕಿಲ್ಲ, ಸಂಖ್ಯಾಫಲಕ ಬೇಕಿಲ್ಲ, ಸವಾರನಿಗೆ ಚಾಲನಾ ಪರವಾನಗಿ ಬೇಕಿಲ್ಲ, ಕಡ್ಡಾಯ ವಿಮೆಯೂ ಬೇಕಿಲ್ಲ. ಗೆರೆಯನ್ನು ದಾಟಿದ ಕೂಡಲೇ ಇವೆಲ್ಲವೂ ಬೇಕಾಗುತ್ತವೆ. ಗೆರೆಯನ್ನು ಎಳೆದುದು ಇಪ್ಪತ್ತೈದರಲ್ಲಿಯೇ ಏಕೆ? ಇದರ ಹಿಂದೆ ಸರಳವಾದ ವಿಜ್ಞಾನವಿದೆ.

ಮೊದಲು ಶಕ್ತಿಯ ವಿಷಯವನ್ನು ನೋಡೋಣ. ಆರೋಗ್ಯವಂತ ಮನುಷ್ಯನು ಬಹಳ ಹೊತ್ತು ದಣಿಯದೆ ಪೆಡಲ್ ತುಳಿದರೆ ಅವನ ಕಾಲುಗಳು ಸುಮಾರು 75ರಿಂದ 100 ವಾಟ್ ಶಕ್ತಿಯನ್ನು ಕೊಡುತ್ತವೆ. 250 ವಾಟ್ ಎಂದರೆ ಹೆಚ್ಚು ಕಡಿಮೆ ಮೂವರು ಸವಾರರ ಕಾಲಿನ ಬಲ. ಒಂದು ಅಶ್ವಶಕ್ತಿಯ ಮೂರನೆಯ ಒಂದು ಭಾಗ. ಇಷ್ಟು ಬಲವಿರುವ ವಾಹನವು ಎಷ್ಟೇ ಅವಸರಪಟ್ಟರೂ ಸೈಕಲ್ಲಿನ ಜಾತಿಯನ್ನು ಬಿಟ್ಟು ಬಹಳ ದೂರ ಹೋಗಲಾರದು.

ಇನ್ನು ವೇಗದ ವಿಷಯ. ಗಂಟೆಗೆ 25 ಕಿಲೋಮೀಟರು ವೇಗದಲ್ಲಿ ಹೋಗುವವನು ಒಂದು ಸೆಕೆಂಡಿಗೆ ಸುಮಾರು 7 ಮೀಟರು ಸಾಗುತ್ತಾನೆ. ಎದುರಿಗೆ ಮಗುವೊಂದು ಅಡ್ಡ ಬಂದಿತೆಂದು ಭಾವಿಸಿರಿ. ಕಣ್ಣು ಕಂಡುದನ್ನು ಮನಸ್ಸು ಗ್ರಹಿಸಿ ಕೈ ಬ್ರೇಕನ್ನು ಹಿಡಿಯುವಷ್ಟರಲ್ಲಿ ಒಂದು ಸೆಕೆಂಡು ಕಳೆದರೆ, ಆಗಲೇ 7 ಮೀಟರು ಕಳೆದಿರುತ್ತದೆ. ಒಣ ರಸ್ತೆಯಲ್ಲಿ ಒಳ್ಳೆಯ ಬ್ರೇಕು ಹಿಡಿದರೆ ನಿಲ್ಲಲು ಇನ್ನು ಸುಮಾರು 5 ಮೀಟರು ಬೇಕು. ಒಟ್ಟು 12 ಮೀಟರು. ಅದೇ ವಾಹನವು 50 ಕಿಲೋಮೀಟರು ವೇಗದಲ್ಲಿದ್ದರೆ ಗ್ರಹಿಸುವಷ್ಟರಲ್ಲಿ 14 ಮೀಟರು, ನಿಲ್ಲುವಷ್ಟರಲ್ಲಿ ಇನ್ನು 19 ಮೀಟರು. ಒಟ್ಟು 33 ಮೀಟರು. ವೇಗ ಎರಡರಷ್ಟಾದರೆ ಚಲನಶಕ್ತಿ ನಾಲ್ಕರಷ್ಟಾಗುವುದೇ ಇದಕ್ಕೆ ಕಾರಣ. ಇದನ್ನು ಬೇರೊಂದು ರೀತಿಯಲ್ಲಿಯೂ ಹೇಳಬಹುದು. 25 ಕಿಲೋಮೀಟರು ವೇಗದಲ್ಲಿ ಗೋಡೆಗೆ ಬಡಿಯುವುದು ಸುಮಾರು ಎರಡೂವರೆ ಮೀಟರು ಎತ್ತರದಿಂದ ನೆಲಕ್ಕೆ ಬೀಳುವುದಕ್ಕೆ ಸಮ. 50 ಕಿಲೋಮೀಟರು ವೇಗದಲ್ಲಿ ಬಡಿಯುವುದು ಸುಮಾರು ಹತ್ತು ಮೀಟರು ಎತ್ತರದಿಂದ, ಎಂದರೆ ಮೂರು ಅಂತಸ್ತಿನ ಕಟ್ಟಡದ ಮೇಲಿನಿಂದ ಬೀಳುವುದಕ್ಕೆ ಸಮ. ಮೊದಲನೆಯದರಲ್ಲಿ ಕೈಕಾಲು ಮುರಿಯಬಹುದು; ಎರಡನೆಯದರಲ್ಲಿ ಜೀವ ಉಳಿಯುವ ಭರವಸೆಯಿಲ್ಲ. ಹಾಗೆಂದು 25 ಕಿಲೋಮೀಟರು ವೇಗವು ಪೂರ್ಣವಾಗಿ ನಿರಪಾಯವೆಂದು ತಿಳಿಯಬಾರದು. ಆ ವೇಗದಲ್ಲಿ ಬಿದ್ದರೂ ತಲೆಗೆ ಪೆಟ್ಟಾಗಬಹುದು. ಕಾನೂನು ಒತ್ತಾಯಿಸದಿದ್ದರೂ ಶಿರಸ್ತ್ರಾಣವನ್ನು ಧರಿಸುವುದು ವಿವೇಕ.

ಹೀಗೆ ನೋಡಿದರೆ ಈ ಗೆರೆಯು ಸಮಾಜವು ಸವಾರನೊಡನೆ ಮಾಡಿಕೊಂಡ ಒಂದು ಒಪ್ಪಂದ. ‘ನಿನ್ನ ವಾಹನವು ಸೈಕಲ್ಲಿನಷ್ಟೇ ಸಾಧುವಾಗಿರಲಿ, ಆಗ ನಿನಗೆ ಸೈಕಲ್ ಸವಾರನ ಸ್ವಾತಂತ್ರ್ಯವನ್ನು ಕೊಡುತ್ತೇವೆ. ಅದಕ್ಕಿಂತ ಹೆಚ್ಚಿನ ಬಲ ಬೇಕಾದರೆ ಹೆಚ್ಚಿನ ಹೊಣೆಯನ್ನೂ ಹೊತ್ತುಕೋ’ ಎಂಬುದು ಆ ಒಪ್ಪಂದದ ಸಾರ.

ಒಪ್ಪಂದವನ್ನು ಮುರಿಯುವ ಆಸೆ ಎಲ್ಲಿ ಹುಟ್ಟುತ್ತದೆ ಎಂಬುದನ್ನೂ ತಿಳಿಯಬೇಕು. ಕುಮಟೆಯಿಂದ ಶಿರಸಿಗೆ ಹೋಗುವ ರಸ್ತೆ ದೇವಿಮನೆ ಘಟ್ಟವನ್ನು ಏರುತ್ತದೆ. ಸವಾರನೂ ವಾಹನವೂ ಸೇರಿ 100 ಕಿಲೋಗ್ರಾಂ ತೂಗುತ್ತಾರೆಂದುಕೊಳ್ಳೋಣ. ಇಪ್ಪತ್ತು ಅಡಿ ಸಾಗಿದಾಗ ಒಂದು ಅಡಿ ಏರುವ ದಾರಿಯಲ್ಲಿ 250 ವಾಟಿನ ಮೋಟಾರೊಂದೇ ಅವರನ್ನು ಗಂಟೆಗೆ ಹೆಚ್ಚೆಂದರೆ 15 ಕಿಲೋಮೀಟರು ವೇಗದಲ್ಲಿ ಎಳೆದೀತು. ಏರು ಇನ್ನೂ ಕಡಿದಾದರೆ ವೇಗ ಇನ್ನೂ ತಗ್ಗುತ್ತದೆ. ಸವಾರನು ಪೆಡಲ್ ತುಳಿದು ನೆರವಾಗಬೇಕಾಗುತ್ತದೆ. ಬಯಲುಸೀಮೆಯಲ್ಲಿ ಸಾಕೆನಿಸುವ ಬಲ ಮಲೆನಾಡಿನಲ್ಲಿ ಸಾಲದೆನಿಸುವುದು ಸಹಜ. ಆಗ ವಾಹನದ ನಿಯಂತ್ರಕವನ್ನು ಬದಲಿಸಿಯೋ ದೊಡ್ಡ ಮೋಟಾರನ್ನು ಜೋಡಿಸಿಯೋ ವೇಗವನ್ನು ಹೆಚ್ಚಿಸಿಕೊಡುವವರು ಸಿಗುತ್ತಾರೆ. ಹೊರಗಿನ ಆಕಾರ ಮೊದಲಿನಂತೆಯೇ ಇರುತ್ತದೆ; ಒಳಗಿನ ಬಲ ಮಾತ್ರ ಬೇರೆಯಾಗಿರುತ್ತದೆ. 2023ರಲ್ಲಿ ನೆರೆಯ ಕೇರಳದ ಮೋಟಾರು ವಾಹನ ಇಲಾಖೆಯು ಅಂಗಡಿಗಳನ್ನು ತಪಾಸಣೆ ಮಾಡಿದಾಗ, ಪರವಾನಗಿ ಬೇಡವೆಂದು ಮಾರುತ್ತಿದ್ದ ಕೆಲವು ವಾಹನಗಳು ನಿಗದಿಯಾದ ಶಕ್ತಿಯನ್ನೂ ವೇಗವನ್ನೂ ಮೀರಿದ್ದುದು ಕಂಡುಬಂದಿತು. ಕೊಳ್ಳುವವರಲ್ಲಿ ಎಷ್ಟೋ ಮಂದಿಗೆ ತಾವು ಕೊಂಡುದು ಮೋಟಾರು ವಾಹನವೆಂಬ ಅರಿವೇ ಇರುವುದಿಲ್ಲ.

ಘಟ್ಟ ಏರುವವನಿಗೆ ಹೆಚ್ಚಿನ ಬಲ ಬೇಕಾದರೆ ಕಾನೂನು ಬೇಡವೆನ್ನುವುದಿಲ್ಲ. ಬಲವುಳ್ಳ ವಾಹನವನ್ನೇ ಕೊಂಡು ನೋಂದಣಿ ಮಾಡಿಸಬಹುದು. ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳವರಿಗೆ ಹೊನ್ನಾವರದಲ್ಲಿಯೇ ಸಾರಿಗೆ ಕಚೇರಿ ಇದೆ. ಅಲ್ಲಿ ನೋಂದಾಯಿಸಿದ ವಾಹನಗಳ ಫಲಕದ ಮೇಲೆ ಕೆಎ 47 ಎಂಬ ಗುರುತನ್ನು ಕಾಣಬಹುದು. ಪರವಾನಗಿ, ವಿಮೆ, ಶಿರಸ್ತ್ರಾಣ ಇವುಗಳೊಡನೆ ಆ ವಾಹನವನ್ನು ನಿರ್ಭಯವಾಗಿ ಓಡಿಸಬಹುದು. ಸೈಕಲ್ಲಿನ ವೇಷದಲ್ಲಿ ಮೋಟಾರು ಸೈಕಲ್ಲನ್ನು ಓಡಿಸುವುದನ್ನು ಮಾತ್ರ ಕಾನೂನು ಒಪ್ಪುವುದಿಲ್ಲ.

ಈ ವೇಷದಿಂದ ನಿಜವಾಗಿ ನಷ್ಟಕ್ಕೊಳಗಾಗುವವರು ಯಾರು? ಅಪಘಾತವಾದಾಗ ಅದು ಬೆಳಕಿಗೆ ಬರುತ್ತದೆ. ಮೋಟಾರು ವಾಹನಕ್ಕೆ ವಿಮೆಯನ್ನು ಕಡ್ಡಾಯ ಮಾಡಿರುವುದು ದಾರಿಹೋಕನ ರಕ್ಷಣೆಗಾಗಿ. ವಾಹನ ಬಡಿದು ಕೂಲಿಕಾರನೊಬ್ಬನ ಕಾಲು ಮುರಿದರೆ ಅವನು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬಹುದು; ವಿಮಾ ಕಂಪನಿ ಪರಿಹಾರ ಕೊಡುತ್ತದೆ. ಬಡಿದ ವಾಹನಕ್ಕೆ ನೋಂದಣಿಯಿಲ್ಲ, ವಿಮೆಯಿಲ್ಲ ಎಂದಾದರೆ ಪರಿಹಾರದ ಹೊರೆಯೆಲ್ಲ ಮಾಲೀಕನ ಮೇಲೆಯೇ ಬೀಳುತ್ತದೆ. ಅವನೂ ಬಡವನಾಗಿದ್ದರೆ ಗಾಯಗೊಂಡವನ ಕೈಗೆ ಏನೂ ಬಾರದು. ಕೊಡಬೇಕಾದವನ ಮನೆ, ತೋಟ, ಗದ್ದೆಗಳೂ ಉಳಿಯಲಾರವು. ಒಂದು ವಾಹನದ ಕಳ್ಳ ವೇಗವು ಎರಡು ಸಂಸಾರಗಳನ್ನು ಬೀದಿಗೆ ತರಬಲ್ಲದು.

ವಯಸ್ಸಿನ ವಿಷಯವನ್ನು ಒಂಬತ್ತನೆಯ ತರಗತಿಯ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಮೋಟಾರು ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸಲು 18 ವರ್ಷ ತುಂಬಿರಬೇಕು. ಎಂಜಿನ್ನಿನ ಗಾತ್ರ 50 ಘನ ಸೆಂಟಿಮೀಟರನ್ನು ಮೀರದ ಮೋಟಾರು ಸೈಕಲ್ಲಿಗೆ ಮಾತ್ರ 16 ವರ್ಷದ ವಿನಾಯಿತಿ ಉಂಟು. ಹಳೆಯ ಮೊಪೆಡ್ಡುಗಳಿಗೆ ಹೊಂದುತ್ತಿದ್ದ ಈ ವಿನಾಯಿತಿ ಇಂದಿನ ಮೊಪೆಡ್ಡುಗಳಿಗೆ ಹೊಂದುವುದಿಲ್ಲ. ಏಕೆಂದರೆ ‘ಟಿವಿಎಸ್ 50’ರ ಸ್ಥಾನದಲ್ಲಿ ಈಗ ಮಾರಾಟವಾಗುತ್ತಿರುವ ಮೊಪೆಡ್ಡಿನ ಎಂಜಿನ್ ಸುಮಾರು 100 ಘನ ಸೆಂಟಿಮೀಟರು ಗಾತ್ರದ್ದು. ಹದಿನಾಲ್ಕು ಹದಿನೈದು ವರ್ಷದವರಿಗಂತೂ ಯಾವ ಮೋಟಾರು ವಾಹನಕ್ಕೂ ಪರವಾನಗಿ ದೊರೆಯುವುದಿಲ್ಲ.

2019ರಲ್ಲಿ ಸಂಸತ್ತು ಈ ಕಾಯಿದೆಗೆ ತಿದ್ದುಪಡಿ ಮಾಡಿ, ಬಾಲಕರು ಮಾಡುವ ಅಪರಾಧಗಳಿಗಾಗಿ ಹೊಸದೊಂದು ಕಲಮನ್ನು ಸೇರಿಸಿತು. ಅದರಂತೆ ಅಪ್ರಾಪ್ತ ವಯಸ್ಸಿನವರು ಮೋಟಾರು ವಾಹನ ಸಂಬಂಧವಾದ ಅಪರಾಧ ಮಾಡಿದರೆ ಪೋಷಕರನ್ನು ಅಥವಾ ವಾಹನದ ಮಾಲೀಕರನ್ನು ಅಪರಾಧಿಗಳೆಂದು ಭಾವಿಸಲಾಗುತ್ತದೆ. ಅವರಿಗೆ ಮೂರು ವರ್ಷದವರೆಗೆ ಕಾರಾಗೃಹವಾಸವನ್ನೂ 25,000 ರೂಪಾಯಿ ದಂಡವನ್ನೂ ವಿಧಿಸಬಹುದು. ತಮಗೆ ತಿಳಿಯದೆ ನಡೆಯಿತು, ಅಥವಾ ತಡೆಯಲು ತಕ್ಕ ಪ್ರಯತ್ನ ಮಾಡಿದೆವು ಎಂದು ಸಾಧಿಸುವ ಹೊಣೆ ಅವರದೇ. ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದಾಗುತ್ತದೆ. ಅಪರಾಧ ಮಾಡಿದ ಬಾಲಕನಿಗೆ 25 ವರ್ಷ ತುಂಬುವವರೆಗೆ ಪರವಾನಗಿ ದೊರೆಯುವುದಿಲ್ಲ. ಶಿವಮೊಗ್ಗ ಜಿಲ್ಲೆಯೂ ಸೇರಿದಂತೆ ಕರ್ನಾಟಕದ ಹಲವು ಕಡೆ ನ್ಯಾಯಾಲಯಗಳು ಮಕ್ಕಳ ಕೈಗೆ ವಾಹನ ಕೊಟ್ಟ ತಂದೆತಾಯಿಗಳಿಗೆ 25,000 ರೂಪಾಯಿ ದಂಡ ವಿಧಿಸಿವೆ. ಮಗನ ಒಂದು ಗಳಿಗೆಯ ಸಂತೋಷಕ್ಕೆ ಕೂಲಿ ಮಾಡುವ ತಂದೆ ತಿಂಗಳುಗಟ್ಟಲೆ ದುಡಿದುದನ್ನು ತೆರಬೇಕಾಗುತ್ತದೆ.

ಕಾನೂನು ಬರಿಯ ಕಾಗದದ ಮೇಲಿದ್ದರೆ ಪ್ರಯೋಜನವಿಲ್ಲ. ಅದನ್ನು ರಸ್ತೆಯಲ್ಲಿ ಜಾರಿಗೊಳಿಸುವವರು ಪೊಲೀಸರು ಮತ್ತು ಸಾರಿಗೆ ಇಲಾಖೆಯವರು. ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಕೇಳಿದರೆ ಚಾಲಕನು ಪರವಾನಗಿಯನ್ನು ತೋರಿಸಬೇಕು. ಮುದ್ರಿತ ಪತ್ರವೇ ಆಗಬೇಕೆಂದಿಲ್ಲ. ಸರ್ಕಾರ ಒಪ್ಪಿದ ವಿದ್ಯುನ್ಮಾನ ರೂಪದಲ್ಲಿಯೂ ತೋರಿಸಬಹುದು. ನೋಂದಣಿಯಿಲ್ಲದೆ ಅಥವಾ ಪರವಾನಗಿಯಿಲ್ಲದೆ ಓಡುವ ವಾಹನವನ್ನು ತಡೆದಿಟ್ಟುಕೊಳ್ಳುವ ಅಧಿಕಾರವೂ ಪೊಲೀಸರಿಗಿದೆ. ಸಂಖ್ಯಾಫಲಕವಿಲ್ಲದ ಸ್ಕೂಟರು ಎದುರಾದರೆ ಅವರು ವೇಗವನ್ನೂ ಮೋಟಾರಿನ ಮೇಲಿನ ಬರಹವನ್ನೂ ಒಪ್ಪಿಗೆ ಪತ್ರವನ್ನೂ ನೋಡಬಹುದು. ಸಂಶಯ ಬಂದರೆ ಯಂತ್ರವನ್ನು ಬಲ್ಲ ಮೋಟಾರು ವಾಹನ ನಿರೀಕ್ಷಕರಿಂದ ಪರೀಕ್ಷೆ ಮಾಡಿಸಬಹುದು.

ದಂಡಗಳು ಹಗುರವಾದುವಲ್ಲ. ಪರವಾನಗಿಯಿಲ್ಲದೆ ಓಡಿಸಿದರೆ 5,000 ರೂಪಾಯಿ ದಂಡವನ್ನು ಕಾಯಿದೆ ಹೇಳುತ್ತದೆ. ನೋಂದಣಿಯಿಲ್ಲದಿದ್ದರೆ ಮೊದಲ ಸಲಕ್ಕೆ 5,000 ರೂಪಾಯಿಯವರೆಗೆ, ವಿಮೆಯಿಲ್ಲದಿದ್ದರೆ ಮೊದಲ ಸಲಕ್ಕೆ 2,000 ರೂಪಾಯಿ. ಮಾಲೀಕನೇ ವಾಹನವನ್ನು ಅಕ್ರಮವಾಗಿ ಮಾರ್ಪಡಿಸಿದ್ದರೆ ಅಂತಹ ಒಂದೊಂದು ಮಾರ್ಪಾಟಿಗೂ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಕಾರಾಗೃಹವಾಸ, ಅಥವಾ ಎರಡನ್ನೂ ವಿಧಿಸಬಹುದು. ಕೆಲವು ಅಪರಾಧಗಳನ್ನು ಸ್ಥಳದಲ್ಲಿಯೇ ದಂಡ ಕಟ್ಟಿ ಮುಗಿಸಿಕೊಳ್ಳುವ ಅವಕಾಶವಿದ್ದು, ಅದರ ಮೊತ್ತವನ್ನು ರಾಜ್ಯ ಸರ್ಕಾರ ಗೊತ್ತುಪಡಿಸುತ್ತದೆ. 2019ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರವು ಶಿರಸ್ತ್ರಾಣ ಧರಿಸದವರ ದಂಡವನ್ನು 1,000 ರೂಪಾಯಿಯಿಂದ 500 ರೂಪಾಯಿಗೆ ಇಳಿಸಿದ್ದು ಈ ಅವಕಾಶದಿಂದಲೇ.

ಅಧಿಕಾರಕ್ಕೂ ಒಂದು ಗೆರೆಯುಂಟು ಎಂಬುದನ್ನು ಮರೆಯಬಾರದು. ಪೊಲೀಸ್ ಅಧಿಕಾರಿ ಪರವಾನಗಿಯನ್ನು ವಶಪಡಿಸಿಕೊಂಡರೆ ಅದಕ್ಕೆ ತಾತ್ಕಾಲಿಕ ರಸೀದಿಯನ್ನು ಕೊಡಬೇಕು. ಸ್ಥಳದಲ್ಲಿ ದಂಡವನ್ನು ಸ್ವೀಕರಿಸುವವರು ಸರ್ಕಾರ ಆ ಅಧಿಕಾರ ನೀಡಿದ ದರ್ಜೆಯವರಾಗಿರಬೇಕು. ಕಟ್ಟಿದ ಹಣಕ್ಕೆ ರಸೀದಿಯನ್ನು ಕೇಳಿ ಪಡೆಯಬೇಕು. ತಾನು ತಪ್ಪು ಮಾಡಿಲ್ಲವೆಂದು ನಂಬಿದವನು ದಂಡ ಕಟ್ಟದೆ ನ್ಯಾಯಾಲಯದ ಮುಂದೆ ತನ್ನ ವಾದವನ್ನು ಹೇಳಬಹುದು. ನಿಯಮದೊಳಗಿರುವ ಸೈಕಲ್ಲಿನ ಸವಾರನನ್ನು ‘ಪರವಾನಗಿ ಎಲ್ಲಿ?’ ಎಂದು ಕೇಳಿದರೆ ಅವನು ಒಪ್ಪಿಗೆ ಪತ್ರದ ಪ್ರತಿಯನ್ನು ವಿನಯದಿಂದ ತೋರಿಸಬಹುದು. ರಸೀದಿಯಿಲ್ಲದೆ ಕೈಗೆ ಕೈ ಹಣ ಸಂದಾಯವಾದಲ್ಲಿ ಕೊಟ್ಟವನೂ ತೆಗೆದುಕೊಂಡವನೂ ಕಾನೂನನ್ನು ಮುರಿದಂತೆಯೇ.

ಮೋಟಾರು ವಾಹನವಲ್ಲದ ಸೈಕಲ್ಲಿನ ಸವಾರನಿಗೆ ಕಾನೂನೇ ಅನ್ವಯಿಸದೆಂದು ತಿಳಿಯುವುದೂ ತಪ್ಪು. ಹಿಂದೆ ಕರ್ನಾಟಕದ ಪಟ್ಟಣಗಳಲ್ಲಿ ಸಾಮಾನ್ಯ ಸೈಕಲ್ಲಿಗೂ ಪುರಸಭೆಯ ಬಿಲ್ಲೆ ಇರಬೇಕಾಗಿತ್ತು. ರಾತ್ರಿ ದೀಪವಿಲ್ಲದೆ ಹೋದವರನ್ನು ಪೊಲೀಸರು ಹಿಡಿಯುತ್ತಿದ್ದರು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 281ನೆಯ ಕಲಮಿನಂತೆ, ಸಾರ್ವಜನಿಕ ದಾರಿಯಲ್ಲಿ ಯಾವುದೇ ವಾಹನವನ್ನು ಪರರ ಜೀವಕ್ಕೆ ಅಪಾಯವಾಗುವಂತೆ ದುಡುಕಿನಿಂದ ನಡೆಸುವುದು ಅಪರಾಧ. ಅದಕ್ಕೆ ಆರು ತಿಂಗಳವರೆಗೆ ಸೆರೆಮನೆವಾಸ, ಅಥವಾ 1,000 ರೂಪಾಯಿಯವರೆಗೆ ದಂಡ, ಅಥವಾ ಎರಡೂ ಆಗಬಹುದು. ಸೈಕಲ್ಲೂ ವಾಹನವೇ.

ಇಂತಹ ಗೆರೆಯನ್ನು ಎಳೆದಿರುವುದು ನಮ್ಮ ದೇಶ ಮಾತ್ರವಲ್ಲ. ಯುರೋಪಿನ ರಾಷ್ಟ್ರಗಳಲ್ಲಿಯೂ ಪೆಡಲ್ ಸೈಕಲ್ಲಿಗೆ ನೆರವಾಗುವ ಮೋಟಾರಿಗೆ 250 ವಾಟ್ ಮತ್ತು 25 ಕಿಲೋಮೀಟರಿನ ಮಿತಿಯೇ ಇದೆ. ಬ್ರಿಟನ್ನಿನಲ್ಲಿ ಅಳತೆ ಇದೇ ಆಗಿದ್ದು, ಸವಾರನಿಗೆ 14 ವರ್ಷ ತುಂಬಿರಬೇಕು. ಹಾಲೆಂಡ್ ದೇಶದ ಪೊಲೀಸರು ಸಂಶಯ ಬಂದ ಮೊಪೆಡ್ಡನ್ನು ತಿರುಗುವ ಉರುಳೆಗಳ ಮೇಲೆ ನಿಲ್ಲಿಸಿ, ಅದು ಎಷ್ಟು ವೇಗವಾಗಿ ಓಡಬಲ್ಲದೆಂದು ರಸ್ತೆಯ ಬದಿಯಲ್ಲಿಯೇ ಅಳೆಯುತ್ತಾರೆ. ಅಲ್ಲಿ 25 ಕಿಲೋಮೀಟರು ಮಿತಿಯ ಮೊಪೆಡ್ಡಿನ ಸವಾರರಿಗೂ 2023ರ ಜನವರಿ 1ರಿಂದ ಶಿರಸ್ತ್ರಾಣ ಕಡ್ಡಾಯವಾಗಿದೆ.

ಕರ್ನಾಟಕದಲ್ಲಿ 2006–07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರ ಉಚಿತವಾಗಿ ಸೈಕಲ್ ಕೊಡಲು ತೊಡಗಿದಾಗ, ದೂರದ ಹಳ್ಳಿಗಳ ಎಷ್ಟೋ ಮಕ್ಕಳಿಗೆ ಪ್ರೌಢಶಾಲೆ ಹತ್ತಿರವಾಯಿತು. ದುರ್ಬಲರ ಕಾಲಿಗೆ ಬಲ ತುಂಬುವುದೇ ಸೈಕಲ್ಲಿನ ಧರ್ಮ. ಬ್ಯಾಟರಿಯ ಸೈಕಲ್ಲು ಆ ಬಲವನ್ನು ಇನ್ನಷ್ಟು ಹೆಚ್ಚಿಸಿ, ಮುದುಕರಿಗೂ ಅಶಕ್ತರಿಗೂ ಏರುದಾರಿಯನ್ನು ಸುಗಮ ಮಾಡಬಲ್ಲದು. ಪೆಟ್ರೋಲಿನ ಹೊಗೆಯಿಲ್ಲದೆ, ಹೆಚ್ಚಿನ ಖರ್ಚಿಲ್ಲದೆ ಈ ಉಪಕಾರ ದೊರೆಯುತ್ತದೆ. ಅದನ್ನು ಉಳಿಸಿಕೊಳ್ಳುವುದು ಸವಾರರ ಕೈಯಲ್ಲಿದೆ. ಗೆರೆಯನ್ನು ಮೀರುವವರು ಹೆಚ್ಚಾದಷ್ಟೂ ಗೆರೆಯೊಳಗಿರುವವರ ಸ್ವಾತಂತ್ರ್ಯಕ್ಕೂ ಕುತ್ತು ಬರುತ್ತದೆ. ಎಲ್ಲರನ್ನೂ ತಡೆದು ಕೇಳಬೇಕಾದ ಸ್ಥಿತಿ ಉಂಟಾಗುತ್ತದೆ. ಕಸುವು ಒಳ್ಳೆಯದು, ಅದು ಮದವಾಗಬಾರದು. ತನ್ನ ವೇಗದಿಂದ ಮತ್ತೊಬ್ಬನಿಗೆ ಆಗಬಹುದಾದ ನೋವನ್ನು ಮೊದಲೇ ಎಣಿಸಿ, ಯಾರೂ ನೋಡದಿರುವಾಗಲೂ ಮಿತಿಯಲ್ಲಿ ನಡೆಯುವವನೇ ರಸ್ತೆಯ ನಿಜವಾದ ಪ್ರಜೆ.